ಉದ್ದನೆಯ ಫ್ರೆಂಚ್ ಪದವನ್ನು ಎಲ್ಲಿ ಒಡೆಯಬೇಕು?

ಪ್ರಶ್ನೆ: ಎರಡು ವರ್ಷಗಳಿಂದ ಫ್ರೆಂಚ್ ಕಲಿಯುತ್ತಿದ್ದೇನೆ, ಡೆಲ್ಫ್ ಬಿ1 ಪರೀಕ್ಷೆಗೆ ಕುಳಿತುಕೊಳ್ಳುವವನಿದ್ದೇನೆ. ಚಿಕ್ಕ ಪದಗಳಲ್ಲಿ ತೊಂದರೆಯಿಲ್ಲ, ಉದ್ದನೆಯ ಪದ ಎದುರಾದರೆ ನಾಲಿಗೆ ತಡವರಿಸುತ್ತದೆ. ‘ಅಭಿವೃದ್ಧಿ’ ಎಂಬ ಅರ್ಥದ ದೇವಲೊಪ್ಮಾಂ ಪದವನ್ನು ನನ್ನ ಪಠ್ಯಪುಸ್ತಕ ಐದು ತುಂಡು ಮಾಡಿ ತೋರಿಸುತ್ತದೆ. ಧ್ವನಿಮುದ್ರಣದಲ್ಲಿ ಮೂರೇ ತುಂಡು ಕೇಳಿಸುತ್ತವೆ. ಯಾವುದು ಸರಿ? ಇಂಥ ಪದಗಳನ್ನು ಒಡೆದು ಓದುವುದಕ್ಕೆ ನಿಯಮವೇನಾದರೂ ಇದೆಯೇ? (ಧಾರವಾಡದ ಓದುಗರು)

ಉತ್ತರ: ಎರಡೂ ಸರಿ. ಪುಸ್ತಕ ಎಣಿಸಿರುವುದು ಕಣ್ಣಿಗೆ ಕಾಣುವ ಉಚ್ಚಾರಾಂಶಗಳನ್ನು, ಧ್ವನಿಮುದ್ರಣದಲ್ಲಿ ನೀವು ಎಣಿಸಿದ್ದು ಕಿವಿಗೆ ಬೀಳುವ ಉಚ್ಚಾರಾಂಶಗಳನ್ನು. ಫ್ರೆಂಚಿನಲ್ಲಿ ಈ ಎರಡು ಲೆಕ್ಕಗಳು ತಾಳೆಯಾಗುವುದು ಅಪರೂಪ. ಹಾಗೆಂದು ಬರಹದ ಲೆಕ್ಕವನ್ನು ಬಿಸಾಡುವಂತೆಯೂ ಇಲ್ಲ. ಅದನ್ನು ಮೊದಲು ಮಾಡದಿದ್ದರೆ ಉಚ್ಚಾರದ ಲೆಕ್ಕ ಕೈಗೆ ಹತ್ತುವುದಿಲ್ಲ. ನನ್ನ ಉತ್ತರವೆಲ್ಲ ಈ ಒಂದು ಮಾತಿನ ವಿಸ್ತರಣೆಯೇ.

ಮುಂದಕ್ಕೆ ಹೋಗುವ ಮೊದಲು ಬರವಣಿಗೆಯ ಒಂದೆರಡು ಒಪ್ಪಂದಗಳನ್ನು ಮಾಡಿಕೊಳ್ಳೋಣ. ರೋಮನ್ ಅಕ್ಷರಗಳನ್ನು ನಾವು ಶಾಲೆಯಲ್ಲಿ ಕಲಿತ ಇಂಗ್ಲಿಷ್ ಹೆಸರುಗಳಿಂದಲೇ ಕರೆಯುತ್ತೇನೆ; ‘ಇ’ ಅಕ್ಷರ ಎಂದರೆ ‘ಎ, ಬಿ, ಸಿ, ಡಿ’ಯ ನಂತರ ಬರುವ ಅಕ್ಷರ. ಧ್ವನಿಯನ್ನು ಹೇಳುವಾಗ ಇಕಾರ, ಎಕಾರ ಎನ್ನುತ್ತೇನೆ. ಪದಗಳಲ್ಲಿ ‘ಮಾಂ’, ‘ಸ್ಯೋಂ’ ಎಂದು ಸೊನ್ನೆ ಹಾಕಿರುವಲ್ಲೆಲ್ಲ ಅದನ್ನು ಮೂಗಿನಿಂದ ಹೊರಡುವ ಸ್ವರದ ಗುರುತೆಂದು ಓದಬೇಕು, ಮಕಾರ ನಕಾರಗಳೆಂದಲ್ಲ. ದೀರ್ಘ ಚಿಹ್ನೆಗಳನ್ನು ಕಂಡು ಸ್ವರವನ್ನು ಎಳೆಯಲೂ ಬಾರದು, ಏಕೆಂದರೆ ‘ಏ’ ಎಂದು ನಾನು ಬರೆದಿರುವುದು ಬಾಯಿ ಕಿರಿದಾಗಿಸಿ ಹೇಳುವ ಎಕಾರ, ‘ಎ’ ಎಂದು ಬರೆದಿರುವುದು ಬಾಯಿ ಅಗಲಿಸಿ ಹೇಳುವ ಎಕಾರ. ನಮ್ಮ ಹ್ರಸ್ವ ದೀರ್ಘಗಳ ಭೇದ ಅಲ್ಲಿ ನಡೆಯುವುದಿಲ್ಲ.

ಬರಹಕ್ಕೊಂದು, ಉಚ್ಚಾರಕ್ಕೊಂದು ಲೆಕ್ಕ ಎಂದಾಗ ಗಾಬರಿಯಾಗಬೇಕಿಲ್ಲ. ಕನ್ನಡಿಗರಿಗೆ ಇದು ಹೊಸತಲ್ಲ. ‘ಅಪ್ಪ’ ಎಂಬ ಪದವನ್ನು ನಾವು ಬರೆಯುವುದು ‘ಅ’, ‘ಪ್ಪ’ ಎಂಬ ಎರಡು ಅಕ್ಷರಗಳಾಗಿ. ಆದರೆ ಹೇಳುವಾಗ ಅದು ‘ಅಪ್-ಪ’ ಎಂದು ಒಡೆಯುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆಂದು ಛಂದಸ್ಸಿನ ಪಾಠದಲ್ಲಿ ಕಲಿತದ್ದು ಇದನ್ನೇ: ಕಣ್ಣು ಪಕಾರದ ಜೋಡಿಯನ್ನು ಮುಂದಿನ ಸ್ವರಕ್ಕೆ ಕೊಡುತ್ತದೆ, ಕಿವಿ ಅದರಲ್ಲಿ ಅರ್ಧವನ್ನು ಹಿಂದಿನ ಸ್ವರಕ್ಕೆ ಹಂಚುತ್ತದೆ. ಫ್ರೆಂಚಿನಲ್ಲಿ ಆಗುವುದು ಇದರ ತದ್ವಿರುದ್ಧ. ಮನೆ, ಫ್ಲ್ಯಾಟು ಎಂಬ ಅರ್ಥದ ‘ಅಪಾರ್ತಮಾಂ’ ಪದದಲ್ಲಿ ‘ಪಿ’ ಎರಡು ಸಲ ಬರುತ್ತದೆ. ಬರಹದಲ್ಲಿ ಅದನ್ನು ‘ಅಪ್-ಪಾರ್-ತ-ಮಾಂ’ ಎಂದು ಜೋಡಿಯ ನಡುವೆಯೇ ಒಡೆಯಬೇಕು; ಉಚ್ಚಾರದಲ್ಲಿ ‘ಅ-ಪಾರ್-ತ-ಮಾಂ’, ಪಕಾರ ಒಂದೇ, ಅದೂ ಎರಡನೆಯ ಉಚ್ಚಾರಾಂಶದ ಆರಂಭದಲ್ಲಿ. ನಾವು ಕೂಡಿಸಿ ಬರೆದು ಒಡೆದು ಹೇಳುತ್ತೇವೆ, ಅವರು ಒಡೆದು ಬರೆದು ಕೂಡಿಸಿ ಹೇಳುತ್ತಾರೆ.

ಇಲ್ಲಿಯೇ ನಮ್ಮವರ ಮೊದಲ ಮತ್ತು ಅತಿ ದೊಡ್ಡ ತಪ್ಪು ಹುಟ್ಟುತ್ತದೆ. ಕತೆ ಬೇರೆ, ಕತ್ತೆ ಬೇರೆ ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದ ಕಿವಿಗೆ ಜೋಡಿ ಅಕ್ಷರ ಕಂಡರೆ ಸಾಕು, ನಾಲಿಗೆ ತಾನಾಗಿಯೇ ಅದುಮುತ್ತದೆ, ‘ಅಪ್ಪಾರ್ತೆಮೆಂತ್’ ಎಂದುಬಿಡುತ್ತದೆ. ಫ್ರೆಂಚಿನ ಜೋಡಿ ವ್ಯಂಜನ ತನ್ನ ಬಗ್ಗೆ ಏನನ್ನೂ ಹೇಳಿಕೊಳ್ಳುವುದಿಲ್ಲ. ಅದು ಸುದ್ದಿ ಕೊಡುವುದು ಹಿಂದಿನ ಸ್ವರದ ಬಗ್ಗೆ, ಇಲ್ಲವೇ ಮೂಗಿನ ಸ್ವರ ಬೇಡವೆಂದು ತಡೆಯುವುದಕ್ಕೆ, ಇಲ್ಲವೇ ಸಕಾರವನ್ನು ಸಕಾರವಾಗಿಯೇ ಉಳಿಸುವುದಕ್ಕೆ. ‘ಕರೆಯುವುದು’ ಎಂಬ ಅರ್ಥದ ‘ಅಪ್ಲೇ’ ಧಾತುವಿನಲ್ಲಿ ‘ಎಲ್’ ಒಂದೇ. ‘ನಾನು ಕರೆಯುತ್ತೇನೆ’ ಎನ್ನುವಾಗ ‘ಎಲ್’ ಎರಡಾಗಿ ‘ಝಪೆಲ್’ ಆಗುತ್ತದೆ. ಎರಡನೆಯ ‘ಎಲ್’ ಬಂದಿರುವುದು ಲಕಾರವನ್ನು ಒತ್ತುವುದಕ್ಕಲ್ಲ, ಅದರ ಹಿಂದಿನ ‘ಇ’ ಅಕ್ಷರವನ್ನು ನುಂಗದೆ ತೆರೆದ ಎಕಾರವಾಗಿ ಹೇಳಿ ಎಂದು ಸೂಚಿಸುವುದಕ್ಕೆ. ಹಾಗೆಯೇ ‘ಎಸ್’ ಒಂದಿದ್ದರೆ ‘ಪ್ವಾ-ಜ಼ೋಂ’, ಅಂದರೆ ವಿಷ. ಎರಡಿದ್ದರೆ ‘ಪ್ವಾ-ಸೋಂ’, ಅಂದರೆ ಮೀನು. ಹೋಟೆಲಿನಲ್ಲಿ ಊಟ ಹೇಳುವ ಮೊದಲು ಇದನ್ನು ಕಲಿತಿರುವುದು ಕ್ಷೇಮ. ಜೋಡಿ ವ್ಯಂಜನವನ್ನು ನಿಜವಾಗಿಯೂ ಅದುಮಿ ಹೇಳುವ ಸಂದರ್ಭಗಳು ಬೆರಳೆಣಿಕೆಯಷ್ಟು: ‘ಓಡುತ್ತಿದ್ದ’ ಎಂಬ ‘ಕೂ-ರೆ’ಗೂ ‘ಓಡುತ್ತಿದ್ದನೇನೋ’ ಎಂಬ ‘ಕೂರ್-ರೆ’ಗೂ ಇರುವ ವ್ಯತ್ಯಾಸ ಅಂಥದ್ದು.

ಈಗ ಒಡೆಯುವ ಕ್ರಮಕ್ಕೆ ಬರೋಣ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ಸ್ವರದ ಪಾಲು. ಎರಡಿದ್ದರೆ ಹಿಂದಕ್ಕೊಂದು, ಮುಂದಕ್ಕೊಂದು. ಆದರೆ ಎರಡನೆಯದು ‘ಎಲ್’ ಅಥವಾ ‘ಆರ್’ ಆಗಿ, ಮೊದಲನೆಯದು ಪ, ಬ, ತ, ದ, ಕ, ಗ, ಫ, ವಗಳಲ್ಲಿ ಒಂದಾಗಿದ್ದರೆ ಸಾಮಾನ್ಯವಾಗಿ ಜೋಡಿ ಒಡೆಯುವುದಿಲ್ಲ, ಇಡಿಯಾಗಿ ಮುಂದಕ್ಕೆ ಹೋಗುತ್ತದೆ. ‘ತಾಯ್ನಾಡು’ ಎಂಬ ಅರ್ಥದ ಪದ ‘ಪಾ-ತ್ರಿ’, ‘ಪಾತ್-ರಿ’ ಅಲ್ಲ. ‘ಗುಟ್ಟು’ ಎಂಬುದು ‘ಸ-ಕ್ರೆ’. ಕನ್ನಡದ ‘ಪತ್ರ’ವನ್ನು ನಾವು ‘ಪತ್-ರ’ ಎಂದು ಹೇಳಿ ಮೊದಲ ಅಕ್ಷರವನ್ನು ಗುರುವಾಗಿಸುತ್ತೇವಲ್ಲ, ಆ ಅಭ್ಯಾಸವನ್ನು ಇಲ್ಲಿ ಬಿಡಬೇಕು. ರಕಾರ ಲಕಾರಗಳ ಒತ್ತು ಬಂದಾಗ ಬರೆದಂತೆ ಒಡೆಯಿರಿ, ಪ್ರಸ್ತಾರ ಹಾಕಿದಂತೆ ಅಲ್ಲ ಎಂದು ನಾನು ತರಗತಿಯಲ್ಲಿ ಹೇಳುವುದುಂಟು. ಒಟ್ಟಿನಲ್ಲಿ ಫ್ರೆಂಚಿಗೆ ಸ್ವರದಲ್ಲಿ ಕೊನೆಯಾಗುವ ಉಚ್ಚಾರಾಂಶವೇ ಇಷ್ಟ. ಒಂದು ಪದದ ಕೊನೆಯ ವ್ಯಂಜನವೂ ಮುಂದಿನ ಪದ ಸ್ವರದಿಂದ ಶುರುವಾದರೆ ಅದಕ್ಕೇ ಅಂಟಿಕೊಳ್ಳುತ್ತದೆ: ಅಮೆರಿಕ ಸಂಯುಕ್ತ ಸಂಸ್ಥಾನದ ಹೆಸರು ‘ಲೇ-ಜ಼ೇ-ತಾ-ಜ಼ು-ನಿ’, ಐದೂ ತುಂಡು ವ್ಯಂಜನದಿಂದ ಆರಂಭವಾಗಿ ಸ್ವರದಲ್ಲಿ ಮುಗಿಯುತ್ತವೆ. ನಮ್ಮ ಯಕಾರಾಗಮ ವಕಾರಾಗಮಗಳ ನೆನಪಾಗುತ್ತದಲ್ಲವೇ? ಎರಡು ಸ್ವರಗಳು ನೇರವಾಗಿ ಡಿಕ್ಕಿಯಾಗುವುದು ಎರಡೂ ಭಾಷೆಗಳಿಗೆ ಒಗ್ಗದು.

ಇನ್ನು ಪಠ್ಯಪುಸ್ತಕಕ್ಕೂ ಧ್ವನಿಮುದ್ರಣಕ್ಕೂ ಜಗಳ ತಂದಿಟ್ಟ ಅಪರಾಧಿ: ‘ಇ’ ಅಕ್ಷರ. ಇದರ ಮೇಲೆ ಯಾವ ಗುರುತೂ ಇಲ್ಲದಿದ್ದಾಗ ಅದು ಏನೆಂದು ತಿಳಿಯುವುದಕ್ಕೆ ಬರಹದ ವಿಭಜನೆಯೇ ಬೇಕು. ಬರಹದ ಉಚ್ಚಾರಾಂಶದ ಕೊನೆಯಲ್ಲಿ ಅದು ನಿಂತಿದ್ದರೆ ಮಂಕಾದ ಒಂದು ಸ್ವರ, ನಮ್ಮ ಅಕಾರವನ್ನು ತುಟಿ ಸ್ವಲ್ಪ ದುಂಡಗೆ ಮಾಡಿ ಹೇಳಿದಂತೆ. ಬಹಳ ಸಲ ಅದೂ ಇಲ್ಲದೆ ಪೂರ್ತಿ ಮಾಯ. ಅದರ ಮುಂದೆ ಅದೇ ಉಚ್ಚಾರಾಂಶಕ್ಕೆ ಸೇರಿದ ವ್ಯಂಜನವಿದ್ದರೆ ಎಕಾರ. ಇದಕ್ಕೆ ತಲೆಹರಟೆಗಳೂ ಇವೆ: ‘ಹೋಲುವುದು’ ಎಂಬ ಅರ್ಥದ ಪದದಲ್ಲಿ ‘ಎಸ್’ ಎರಡಿದ್ದರೂ ಅದು ‘ರ-ಸಾಂ-ಬ್ಲೇ’ಯೇ ಹೊರತು ‘ರೆ-ಸಾಂ-ಬ್ಲೇ’ ಅಲ್ಲ.

ಈ ಮಂಕು ಸ್ವರ ಎಲ್ಲಿ ಉಳಿಯುತ್ತದೆ, ಎಲ್ಲಿ ಬಿದ್ದುಹೋಗುತ್ತದೆ ಎಂಬುದನ್ನು ಫ್ರೆಂಚ್ ಧ್ವನಿಶಾಸ್ತ್ರಜ್ಞ ಮೋರಿಸ್ ಗ್ರಾಮೋಂ (1866–1946) ‘ಮೂರು ವ್ಯಂಜನಗಳ ನಿಯಮ’ ಎಂದು ಸೂತ್ರೀಕರಿಸಿದರು. ಸ್ವರ ಬಿದ್ದರೆ ಮೂರು ವ್ಯಂಜನಗಳು ಒಂದರ ಮೇಲೊಂದು ಬಂದು ನಾಲಿಗೆ ಸಿಕ್ಕಿಕೊಳ್ಳುವಂತಿದ್ದರೆ ಅದು ಉಳಿಯುತ್ತದೆ, ಇಲ್ಲವಾದರೆ ಹೋಗುತ್ತದೆ. ವಾರದ ಹೆಸರುಗಳಲ್ಲಿಯೇ ಇದು ಕಾಣುತ್ತದೆ. ಶನಿವಾರ ‘ಸಮ್-ದಿ’, ಎರಡೇ ತುಂಡು, ಏಕೆಂದರೆ ಸ್ವರ ಬಿದ್ದರೂ ಮಕಾರ ದಕಾರಗಳೆರಡೇ ಎದುರಾಗುತ್ತವೆ. ಶುಕ್ರವಾರ ‘ವಾಂ-ದ್ರ-ದಿ’, ಬುಧವಾರ ‘ಮೆರ್-ಕ್ರ-ದಿ’. ಇಲ್ಲಿ ಸ್ವರ ಬಿದ್ದರೆ ವ್ಯಂಜನಗಳ ರಾಶಿಯಾಗುತ್ತದೆ, ಆದ್ದರಿಂದ ಉಳಿದಿದೆ. ‘ಅ-ಪಾರ್-ತ-ಮಾಂ’ ಪದದ ‘ತ’ ಉಳಿದದ್ದೂ, ಸರ್ಕಾರವೆಂಬ ಅರ್ಥದ ‘ಗೂ-ವೆರ್-ನ-ಮಾಂ’ ಪದದ ‘ನ’ ಉಳಿದದ್ದೂ ಇದೇ ಕಾರಣದಿಂದ: ಹಿಂದೆ ರಕಾರವೊಂದು ಕುಳಿತಿದೆ.

ಹೀಗಾಗಿ ನಿಮ್ಮ ಪದದ ಲೆಕ್ಕ ಸ್ಪಷ್ಟವಾಗುತ್ತದೆ. ಬರಹದಲ್ಲಿ ‘ದೇ-ವ-ಲೊಪ್-ಪ-ಮಾಂ’, ಐದು. ಎರಡನೆಯ ಪಕಾರ ಮಾಯವಾಗಿ, ಅದರ ಸ್ವರವೂ ಬಿದ್ದರೆ ‘ದೇ-ವ-ಲೊಪ್-ಮಾಂ’, ನಾಲ್ಕು. ನಿಧಾನವಾಗಿ, ಸ್ಪಷ್ಟವಾಗಿ ಮಾತಾಡುವವರು ಹೀಗೆ ಹೇಳಬಹುದು. ಸಹಜ ವೇಗದಲ್ಲಿ ವಕಾರದ ಸ್ವರವೂ ಬಿದ್ದು ‘ದೆವ್-ಲೊಪ್-ಮಾಂ’, ಮೂರು. ಹಳೆಯ ಛಂದೋಬದ್ಧ ಕಾವ್ಯದಲ್ಲಿ ಇದೇ ಪದ ಬಂದರೆ ಮತ್ತೆ ಐದು, ಏಕೆಂದರೆ ಸಾಲಿಗೆ 12 ಉಚ್ಚಾರಾಂಶಗಳ ಅಲೆಕ್ಸಾಂಡ್ರಿನ್ ಛಂದಸ್ಸಿನಲ್ಲಿ ವ್ಯಂಜನದ ಮುಂಚೆ ಬರುವ ಮಂಕು ಸ್ವರವನ್ನೂ ಎಣಿಕೆಗೆ ಹಿಡಿಯಬೇಕು. ಮಾರ್ಸೇಯ್, ತುಲೂಜ಼್ ಕಡೆಯ ದಕ್ಷಿಣದವರು ದಿನನಿತ್ಯದ ಮಾತಿನಲ್ಲಿಯೂ ಈ ಸ್ವರಗಳನ್ನು ಬಹುಮಟ್ಟಿಗೆ ಉಳಿಸಿಕೊಂಡು ‘ಸ-ಮ-ದಿ’ ಎಂದು ಮೂರು ತುಂಡಾಗಿಯೇ ಹೇಳುತ್ತಾರೆ. ಅದನ್ನು ತಪ್ಪೆಂದು ತಿದ್ದಬೇಡಿ, ಅದು ಆ ಸೀಮೆಯ ಸೊಗಡು.

ಸ್ವರ ಬಿದ್ದಾಗ ಇನ್ನೊಂದು ಪರಿಣಾಮವೂ ಆಗುತ್ತದೆ. ಅನಾಥವಾದ ವ್ಯಂಜನ ಹಿಂದಿನ ಉಚ್ಚಾರಾಂಶಕ್ಕೆ ಹೋಗಿ ಅಂಟುತ್ತದೆ, ಅದರಿಂದ ಆ ಉಚ್ಚಾರಾಂಶದ ಎಕಾರ ಅಗಲವಾಗುತ್ತದೆ. ‘ಘಟನೆ’ ಎಂಬ ಅರ್ಥದ ಪದವನ್ನು ಬಹುಕಾಲ ಎರಡು ಕಿರಿದಾದ ಏಕಾರಗಳ ಗುರುತು ಹಾಕಿ ಬರೆಯುತ್ತಿದ್ದರು, ಆದರೆ ಜನ ಹೇಳುತ್ತಿದ್ದದ್ದು ‘ಏ-ವೆನ್-ಮಾಂ’ ಎಂದೇ. 1990ರ ಡಿಸೆಂಬರ್ 6ರಂದು ಫ್ರೆಂಚ್ ಸರ್ಕಾರದ ಅಧಿಕೃತ ಪತ್ರಿಕೆಯಲ್ಲಿ ಪ್ರಕಟವಾದ ಕಾಗುಣಿತ ಪರಿಷ್ಕರಣೆ ಎರಡನೆಯ ಗುರುತನ್ನು ಅಗಲ ಎಕಾರದ ಗುರುತಾಗಿ ಬದಲಿಸಲು ಶಿಫಾರಸು ಮಾಡಿತು. ಹಳೆಯ ಕಾಗುಣಿತವನ್ನು ತಪ್ಪೆಂದು ಸಾರಲಿಲ್ಲವಾದ್ದರಿಂದ ಇವತ್ತಿಗೂ ಎರಡೂ ರೂಪಗಳು ಅಚ್ಚಿನಲ್ಲಿ ಸಿಗುತ್ತವೆ.

ಮೂಗಿನ ಸ್ವರಗಳ ವಿಷಯದಲ್ಲಿ ನಮ್ಮ ಅನುಸ್ವಾರ ನಮಗೇ ಮೋಸ ಮಾಡುತ್ತದೆ. ‘ಅಂತ’ ಎನ್ನುವಾಗ ನಾವು ಬರೆಯುವುದು ಸೊನ್ನೆಯನ್ನು, ಹೇಳುವುದು ನಕಾರವನ್ನು. ‘ಅಂಬಲಿ’ಯಲ್ಲಿ ಅದೇ ಸೊನ್ನೆ ಮಕಾರವಾಗುತ್ತದೆ. ಫ್ರೆಂಚಿನ ‘ಆಂ’ ಹೀಗೆ ಎಲ್ಲಿಯೂ ಮುಚ್ಚಿಕೊಳ್ಳುವುದಿಲ್ಲ, ನಾಲಿಗೆಯ ತುದಿ ಕೆಳಗೇ ಮಲಗಿರಬೇಕು. ಕಿರುಬೆರಳನ್ನು ಹಲ್ಲುಗಳ ನಡುವೆ ಇಟ್ಟುಕೊಂಡು ‘ಮಾಂ’ ಎಂದು ಹೇಳಿ ನೋಡಿ. ಕೊನೆಯಲ್ಲಿ ನಾಲಿಗೆ ಮೇಲೆದ್ದು ಅಂಗುಳಕ್ಕೆ ತಾಗಿದರೆ, ಅಥವಾ ತುಟಿಗಳು ಬೆರಳನ್ನು ಹಿಡಿದುಕೊಂಡರೆ ನೀವು ಕನ್ನಡ ಮಾತಾಡಿದಿರಿ ಎಂದರ್ಥ. ಸ್ವರದ ನಂತರ ‘ಎನ್’ ಅಥವಾ ‘ಎಂ’ ಬಂದು, ಅದರ ಮುಂದೆ ಬೇರೆ ವ್ಯಂಜನವೋ ಪದದ ಕೊನೆಯೋ ಇದ್ದರೆ ಮಾತ್ರ ಮೂಗಿನ ಸ್ವರ. ಅದರ ಮುಂದೆ ಸ್ವರ ಬಂದರೆ, ಇಲ್ಲವೇ ಅದೇ ಅಕ್ಷರ ಜೋಡಿಯಾದರೆ ಮೂಗಿನ ಸ್ವರ ಹೋಗಿ ಸಾದಾ ನಕಾರ ಮಕಾರ ಉಳಿಯುತ್ತದೆ. ಆದ್ದರಿಂದಲೇ ‘ಅಂತಾರಾಷ್ಟ್ರೀಯ’ ಎಂಬುದು ‘ಏಂ-ತೆರ್-ನಾ-ಸ್ಯೊ-ನಾಲ್’ ಎಂದು ಮೂಗಿನಲ್ಲಿ ಶುರುವಾದರೆ, ‘ಮರೆಯಲಾಗದ’ ಎಂಬುದು ‘ಇ-ನೂ-ಬ್ಲಿ-ಯಾಬ್ಲ್’ ಎಂದು ಸಾದಾ ಇಕಾರದಲ್ಲಿ ಶುರುವಾಗುತ್ತದೆ. ‘ಕೂಡಲೇ’ ಎಂಬುದರಲ್ಲಿ ‘ಎಂ’ ಜೋಡಿಯಿರುವುದರಿಂದ ‘ಇ-ಮೇ-ದ್ಯಾತ್-ಮಾಂ’. ‘ಬೇಸರ’ ಎಂಬ ಅರ್ಥದ ಪದದಂಥ ಕೆಲವು ಮಾತ್ರ ಜೋಡಿ ‘ಎನ್’ ಇದ್ದರೂ ಹಟ ಹಿಡಿದು ಮೂಗಿನಲ್ಲೇ ಉಳಿದಿವೆ.

‘ಖಂಡಿತ’ ಎಂಬ ಅರ್ಥದ ‘ಏ-ವಿ-ದಾ-ಮಾಂ’ ಪದದ ಬಗ್ಗೆ ಎಚ್ಚರವಿರಲಿ. ಅದರಲ್ಲಿ ‘ದಾ’ ಎಂದು ಹೇಳುವ ಜಾಗದಲ್ಲಿ ಬರೆದಿರುವುದು ‘ಇ’ ಅಕ್ಷರವನ್ನು. ಜೋಡಿ ‘ಎಂ’ ಇರುವ ಈ ಬಗೆಯ ಕ್ರಿಯಾವಿಶೇಷಣಗಳೆಲ್ಲ ಹೀಗೆಯೇ ಆಕಾರದಲ್ಲಿ ನಡೆಯುತ್ತವೆ. ಬರೆದಂತೆ ಓದುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಈಗ ಫ್ರೆಂಚ್ ಮಕ್ಕಳು ಒಬ್ಬರಿಗೊಬ್ಬರು ಸವಾಲು ಹಾಕಲು ಬಳಸುವ, 25 ಅಕ್ಷರಗಳ ಒಂದು ಪದವನ್ನು ಮೇಜಿನ ಮೇಲೆ ಹರಡಿಕೊಳ್ಳೋಣ. ಅರ್ಥ ‘ಸಂವಿಧಾನಕ್ಕೆ ವಿರುದ್ಧವಾಗಿ’. ಬರಹದ ವಿಭಜನೆ ‘ಆಂ-ತಿ-ಕೋಂಸ್-ತಿ-ತು-ಸ್ಯೊನ್-ನೆಲ್-ಲ-ಮಾಂ’, ಒಂಬತ್ತು ತುಂಡು. ಇಷ್ಟು ಮಾಡಿಕೊಂಡ ಮೇಲೆ ಪ್ರತಿ ತುಂಡನ್ನೂ ವಿಚಾರಿಸಬೇಕು. ‘ಎನ್’ ಐದು ಸಲ ಬಂದಿದೆ: ಮೊದಲನೆಯದರ ಮುಂದೆ ‘ಟಿ’, ಎರಡನೆಯದರ ಮುಂದೆ ‘ಎಸ್’, ಕೊನೆಯದರ ಮುಂದೆಯೂ ‘ಟಿ’, ಆ ಮೂರೂ ಮೂಗಿನ ಸ್ವರಗಳು. ನಡುವಿನ ಜೋಡಿ ಮಾತ್ರ ಸಾದಾ ನಕಾರ, ಆದ್ದರಿಂದ ‘ಸ್ಯೊ’ ಎಂಬಲ್ಲಿ ಮೂಗು ಸುಮ್ಮನಿರಬೇಕು. ‘ಟಿಐ’ ಎಂಬ ಜೋಡಿ ಮೂರು ಕಡೆ ಇದೆ. ಎರಡು ಕಡೆ ತಕಾರ, ಮೂರನೆಯ ಕಡೆ ಮುಂದೆ ‘ಒಎನ್’ ಇರುವುದರಿಂದ ಸಕಾರ, ಅಲ್ಲಿನ ಇಕಾರ ಯಕಾರವಾಗಿ ಕುಗ್ಗಿ ಮುಂದಿನ ಸ್ವರಕ್ಕೆ ಸೇರಿಹೋಗುತ್ತದೆ. ಇಂಥ ‘ಟಿ’ಯ ಹಿಂದೆ ‘ಎಸ್’ ಇದ್ದರೆ ತಕಾರ ಬದಲಾಗುವುದಿಲ್ಲ; ಪ್ರಶ್ನೆ ಎಂಬುದು ‘ಕೆಸ್-ತ್ಯೋಂ’, ‘ಕೆ-ಸ್ಯೋಂ’ ಅಲ್ಲ. ‘ತು’ ಎಂದು ನಾನು ಬರೆದಿರುವ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ‘ತಿ’ ಎನ್ನುತ್ತಾ ನಾಲಿಗೆಯನ್ನು ಕದಲಿಸದೆ ತುಟಿಗಳನ್ನು ಮಾತ್ರ ಉಕಾರಕ್ಕೆ ಮೊನೆ ಮಾಡಿದರೆ ಅದು ಬರುತ್ತದೆ. ಕೊನೆಗೆ ‘ನೆಲ್-ಲ’ ಎಂಬಲ್ಲಿ ಜೋಡಿ ‘ಎಲ್’ ತನ್ನ ಹಿಂದಿನ ಎಕಾರವನ್ನು ಘೋಷಿಸಿ ಒಂದಾಗುತ್ತದೆ, ಅದರ ಮುಂದಿನ ಮಂಕು ಸ್ವರ ಬೀಳುತ್ತದೆ. ಉಳಿದದ್ದು ‘ಆಂ-ತಿ-ಕೋಂಸ್-ತಿ-ತು-ಸ್ಯೊ-ನೆಲ್-ಮಾಂ’, ಎಂಟು.

ಇದನ್ನು ಮುಂದಿನಿಂದ ಕಟ್ಟಿಕೊಂಡು ಹೋದರೆ ನಡುವೆ ಉಸಿರು ಕಟ್ಟುತ್ತದೆ. ಹಿಂದಿನಿಂದ ಕಟ್ಟಿ: ‘ಮಾಂ’, ‘ನೆಲ್-ಮಾಂ’, ‘ಸ್ಯೊ-ನೆಲ್-ಮಾಂ’, ‘ತು-ಸ್ಯೊ-ನೆಲ್-ಮಾಂ’. ಹೀಗೆ ಒಂದೊಂದೇ ತುಂಡನ್ನು ತಲೆಯ ಕಡೆಗೆ ಸೇರಿಸುತ್ತ ಹೋದರೆ ಪ್ರತಿ ಸಲವೂ ನೀವು ಗೊತ್ತಿಲ್ಲದ ಕಡೆಯಿಂದ ಚೆನ್ನಾಗಿ ಪಳಗಿದ ಕಡೆಗೆ ನಡೆಯುತ್ತೀರಿ. ಇದಕ್ಕೆ ಬೇರೊಂದು ಕಾರಣವೂ ಇದೆ. ಫ್ರೆಂಚಿನಲ್ಲಿ ಉಚ್ಚಾರಾಂಶಗಳೆಲ್ಲ ಹೆಚ್ಚುಕಡಿಮೆ ಸಮ ತೂಕದವು, ಮಾತಿನ ಗುಂಪಿನ ಕೊನೆಯದೊಂದೇ ತುಸು ಉದ್ದವಾಗಿ ನಿಲ್ಲುತ್ತದೆ. ನಮ್ಮಲ್ಲಿ ಫ್ರೆಂಚ್ ಕಲಿಯುವವರು ಹೆಚ್ಚಿನವರು ಇಂಗ್ಲಿಷಿನ ಬಾಗಿಲಿನಿಂದ ಬರುವವರಾದ್ದರಿಂದ ‘ಇಂಟರ್‌ನ್ಯಾಷನಲ್’ನ ನಡುವಿನ ಒತ್ತನ್ನು ಫ್ರೆಂಚಿಗೂ ಹೊತ್ತು ತರುತ್ತಾರೆ, ಆಗ ಅದರ ಅಕ್ಕಪಕ್ಕದ ಸ್ವರಗಳು ನಲುಗಿ ಪದದ ಗುರುತೇ ಸಿಗದಂತಾಗುತ್ತದೆ. ಕನ್ನಡದ ಸಮತಟ್ಟಾದ ನಡಿಗೆಯೇ ಇಲ್ಲಿ ಉತ್ತಮ ಸಹಾಯ, ಅದನ್ನು ಧೈರ್ಯವಾಗಿ ಬಳಸಿ. ಆದರೆ ‘ಬಸ್ಸು’, ‘ಟೇಬಲ್ಲು’ ಎಂದು ಪದದ ತುದಿಗೆ ಉಕಾರ ಅಂಟಿಸುವ ಚಾಳಿಯನ್ನು ಬಿಡಬೇಕು. ‘ಯಾಬ್ಲ್’ ಎಂಬುದು ಒಂದೇ ತುಂಡು. ‘ಯಾ-ಬ-ಲು’ ಎಂದರೆ ಮೂರಾಗಿ, ಒತ್ತು ಬೀಳಬಾರದ ಕಡೆ ಬೀಳುತ್ತದೆ.

ಸಾಲಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಪದ ಮುರಿಯುವುದು ಇವತ್ತು ಕಂಪ್ಯೂಟರಿನ ಕೆಲಸ. ಕೈಬರಹದಲ್ಲಿ ಮುರಿಯಬೇಕಾದರೆ ಬರಹದ ವಿಭಜನೆಯನ್ನೇ ಹಿಡಿಯಿರಿ. ‘ಸಿಎಚ್’, ‘ಪಿಎಚ್’, ‘ಜಿಎನ್’ ಜೋಡಿಗಳನ್ನು ಒಡೆಯಬೇಡಿ, ಅಕ್ಕಪಕ್ಕದ ಎರಡು ಸ್ವರಾಕ್ಷರಗಳ ನಡುವೆ ಕತ್ತರಿ ಹಾಕಬೇಡಿ, ಎರಡು ಸ್ವರಗಳ ನಡುವಿನ ‘ಎಕ್ಸ್’ನ ಹಿಂದೆ ಮುಂದೆಯೂ ಬೇಡ.

ಅಭ್ಯಾಸಕ್ಕೆ ನಾನು ಸಾಮಾನ್ಯವಾಗಿ ಕೊಡುವುದು ‘ದುರದೃಷ್ಟವಶಾತ್’ ಎಂಬ ಅರ್ಥದ ಪದ. ಬರಹದಲ್ಲಿ ಅದರ ಮೊದಲ ತುಂಡು ‘ಮಾಲ್’, ನಂತರ ಸದ್ದಿಲ್ಲದ ‘ಎಚ್’, ಒಟ್ಟು ಐದು. ಉಚ್ಚಾರದಲ್ಲಿ ‘ಎಚ್’ ಇಲ್ಲದಿರುವುದರಿಂದ ಲಕಾರ ಮುಂದಕ್ಕೆ ಜಾರಿ, ಕೊನೆಯ ಮಂಕು ಸ್ವರ ಬಿದ್ದು ‘ಮಾ-ಲೊ-ರೊಜ಼್-ಮಾಂ’ ಎಂದು ನಾಲ್ಕಾಗುತ್ತದೆ; ನಡುವಿನ ಎರಡು ಸ್ವರಗಳಿಗೆ ನಾಲಿಗೆ ಎಕಾರದ್ದು, ತುಟಿ ಒಕಾರದ್ದು. ನಿಘಂಟಿನಲ್ಲಿ ಇದನ್ನು ನೋಡಿ ಖಚಿತಪಡಿಸಿಕೊಳ್ಳಲು ಧ್ವನಿಲಿಪಿ ಓದುವುದನ್ನು ಕಲಿಯಿರಿ. 1886ರಲ್ಲಿ ಪ್ಯಾರಿಸ್ಸಿನಲ್ಲಿ ಪೋಲ್ ಪಾಸಿ ಮೊದಲಾದ ಭಾಷಾ ಶಿಕ್ಷಕರು ಕಟ್ಟಿದ ಸಂಘದಿಂದಲೇ ಆ ಅಂತಾರಾಷ್ಟ್ರೀಯ ಧ್ವನಿಲಿಪಿ ಹುಟ್ಟಿದ್ದು, ಒಂದು ವಾರದ ಕೆಲಸಕ್ಕೆ ಜೀವಮಾನದ ಫಲ ಸಿಗುತ್ತದೆ. ಪರೀಕ್ಷೆಯಲ್ಲಿ ನಿಮ್ಮ ‘ಅಭಿವೃದ್ಧಿ’ಯನ್ನು ನಾಲ್ಕು ತುಂಡಾಗಿ ಹೇಳಿದರೂ ಸರಿ, ಮೂರಾಗಿ ಹೇಳಿದರೂ ಸರಿ. ಐದು ಮಾತ್ರ ಬೇಡ, ಅದು ಕವಿಗಳಿಗಿರಲಿ.